ಆರತಿಗೊಬ್ಬಳು, ಕೀರ್ತಿಗೊಬ್ಬ: ಪಿಕ್ಚರ್‌ಗೆ ಮುಂಚಿನ ಆ ‘ನ್ಯೂಸ್ ರೀಲು’ ಹೆಣ್ಮಕ್ಕಳ ಬಗ್ಗೆ ಏನು ಕಲಿಸ್ತು?



ಥಿಯೇಟರ್‌ನಲ್ಲಿ ಪಿಕ್ಚರ್ ಶುರುವಾಗೋ ಮುಂಚೆ ತಂಬಾಕಿನ ಜಾಹೀರಾತು ಬರುತ್ತಲ್ಲ, ಶ್ವಾಸಕೋಶನ ಸ್ಪಂಜಿನ ಥರ ಹಿಂಡೋದು? ಆಗ ನಾವೆಲ್ಲ ಫೋನ್ ನೋಡ್ತಿರ್ತೀವಿ. ನಿಮ್ಮ ಅಜ್ಜಿ ಕಾಲದಲ್ಲಿ ಅದೇ ಜಾಗದಲ್ಲಿ ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ನಿಮಿಷ ಸರ್ಕಾರಿ ಚಿತ್ರ ಓಡ್ತಿತ್ತು. ಅಣೆಕಟ್ಟು, ಗೊಬ್ಬರ, ಸಿಡುಬಿನ ಲಸಿಕೆ, ಮಂತ್ರಿಗಳ ಪ್ರವಾಸ, ಕುಟುಂಬ ಯೋಜನೆ. ಜನ ಎಲ್ಲಕ್ಕೂ ಒಂದೇ ಹೆಸರಿಟ್ಟಿದ್ರು: ‘ನ್ಯೂಸ್ ರೀಲು’. ಅದು ಮುಗಿಯೋದ್ರೊಳಗೆ ಹೋದ್ರೆ ಸಾಕು ಅಂತ ನಿಧಾನಕ್ಕೆ ಹೊರಡೋರೂ ಇದ್ರು. ಒಳಗೆ ಕೂತೋರಿಗೆ ಮಾತ್ರ ಸ್ಕಿಪ್ ಬಟನ್ ಇರ್ಲಿಲ್ಲ.

ಇವತ್ತಿನ ಮಾತು ಆ ಚಿತ್ರಗಳ ಬಗ್ಗೆ. ಅವು ಹೆಣ್ಣು ಹೇಗಿರಬೇಕು ಅಂತ ಏನು ತೋರಿಸಿದ್ವು, ಅದರಲ್ಲಿ ಎಷ್ಟು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ ಅಂತ.

ಮೊದಲು, ಇದು ಶುರುವಾಗಿದ್ದು ಹೇಗೆ? ಎರಡನೇ ಮಹಾಯುದ್ಧದಲ್ಲಿ. ಜನ ಯುದ್ಧಕ್ಕೆ ಬೆಂಬಲ ಕೊಡ್ಲಿ ಅಂತ ಬ್ರಿಟಿಷ್ ಸರ್ಕಾರ 1943ರಲ್ಲಿ ಒಂದು ಆದೇಶ ತಂತು. ಪ್ರತಿ ಪ್ರದರ್ಶನದಲ್ಲೂ ಸರ್ಕಾರ ಒಪ್ಪಿದ 2,000 ಅಡಿವರೆಗಿನ ಚಿತ್ರ ತೋರಿಸ್ಲೇಬೇಕು ಅಂತ. 2,000 ಅಡಿ ಫಿಲಂ ಅಂದ್ರೆ ಹೆಚ್ಚುಕಮ್ಮಿ 22 ನಿಮಿಷ. ಯುದ್ಧ ಮುಗಿದ ಮೇಲೆ ಆ ವ್ಯವಸ್ಥೆ ಮುಚ್ಚಿಹೋಯ್ತು, ಆದರೆ ಸ್ವತಂತ್ರ ಭಾರತಕ್ಕೂ ಅದು ಬೇಕಾಯ್ತು. 1948ರಲ್ಲಿ ಮುಂಬೈಯಲ್ಲಿ ಫಿಲ್ಮ್ಸ್ ಡಿವಿಷನ್ ಶುರುವಾಯ್ತು. ಚಿತ್ರಗಳು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಡಬ್ ಆಗಿ ಊರೂರಿಗೆ ಹೋಗ್ತಿದ್ವು. ತೋರಿಸೋದು ಥಿಯೇಟರ್ ಲೈಸೆನ್ಸಿನ ಷರತ್ತು, ಬಾಡಿಗೆನೂ ಥಿಯೇಟರ್‌ನವರೇ ಕಟ್ಟಬೇಕು! ಬೇಡದ ಅತಿಥಿಗೆ ಊಟ ಹಾಕಿ, ಮೇಲೆ ದಕ್ಷಿಣೆನೂ ಕೊಟ್ಟ ಹಾಗೆ.

ಅದೇ 1948ರಲ್ಲೇ ನಮ್ಮ ಜಯನಗರಕ್ಕೂ ಅಡಿಗಲ್ಲು ಬಿದ್ದಿದ್ದು, ಸಿ. ರಾಜಗೋಪಾಲಾಚಾರಿ ಕೈಯಲ್ಲಿ. ಇದು ಕಾಕತಾಳೀಯ, ನಿಜ. ಆದರೆ ಒಂದು ಸೈಟು, ಎರಡು ಕೋಣೆ, ಗಂಡ ಆಫೀಸಿಗೆ, ಹೆಂಡತಿ ಮನೇಲಿ, ಇಬ್ಬರು ಮಕ್ಕಳು ಸ್ಕೂಲಿಗೆ ಅನ್ನೋ ಬದುಕನ್ನ ಈ ಬಡಾವಣೆಗಳು ಇಟ್ಟಿಗೆಯಲ್ಲಿ ಕಟ್ಟಿದ್ರೆ, ಆ ರೀಲುಗಳು ಪರದೆ ಮೇಲೆ ಕಟ್ಟಿದ್ವು. ಸೌತ್ ಎಂಡ್ ಹತ್ರದ ನಂದಾ ಟಾಕೀಸ್ ನೆನಪು ನಿಮ್ಮ ಮನೆ ಹಿರಿಯರಲ್ಲಿ ಯಾರಿಗಾದ್ರೂ ಇದ್ದೇ ಇರುತ್ತೆ. ಆ ಕಾಲದಲ್ಲಿ ಅಂಥ ಯಾವ ಟಾಕೀಸೂ ಈ ನಿಯಮದಿಂದ ಹೊರಗಿರ್ಲಿಲ್ಲ.

ಈಗ ಪರದೆ ಮೇಲೆ ಏನಿತ್ತು ನೋಡೋಣ. ಭಾರತ 1952ರಲ್ಲಿ ಸರ್ಕಾರದ ಲೆಕ್ಕದಲ್ಲೇ ಕುಟುಂಬ ಯೋಜನೆ ಶುರುಮಾಡ್ತು, ಪ್ರಪಂಚದಲ್ಲೇ ಮೊದಲು. (ಅದಕ್ಕೂ ಮುಂಚೆ, 1930ರಲ್ಲೇ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು.) ಅರವತ್ತರ ದಶಕಕ್ಕೆ ಕೆಂಪು ತ್ರಿಕೋನ ಬಂತು, ನಾಲ್ಕು ನಗುಮುಖ ಬಂತು: ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು.

ಕುಟುಂಬ ಯೋಜನೆ ಚಿತ್ರಗಳಲ್ಲಿ ಒಂದು ಹೋಲಿಕೆ ಮತ್ತೆ ಮತ್ತೆ ಬರುತ್ತೆ. ಒಂದು ಮನೇಲಿ ಇಬ್ಬರು ಮಕ್ಕಳು, ನೀಟಾಗಿ ಸೀರೆ ಉಟ್ಟ ಅಮ್ಮ ನಗುತ್ತಾ ಬಡಿಸ್ತಾಳೆ. ಪಕ್ಕದ ಮನೇಲಿ ಮಕ್ಕಳ ದಂಡು, ಅಳು, ರೋಗ, ಕೆದರಿದ ತಲೆಯ ಸುಸ್ತಾದ ಅಮ್ಮ. ಬಡತನಕ್ಕೆ ಕೂಲಿ ಕಾರಣನಾ, ಜಮೀನು ಇಲ್ಲದ್ದು ಕಾರಣನಾ, ಅದೆಲ್ಲ ಚಿತ್ರದಾಚೆ. ಚಿತ್ರದೊಳಗೆ ಮನೆ ಕೆಟ್ಟಿದ್ದು ಮಕ್ಕಳು ಜಾಸ್ತಿ ಆಗಿದ್ದಕ್ಕೆ, ಮತ್ತು ಅದು ಕಾಣೋದು ಅಮ್ಮನ ಮುಖದಲ್ಲಿ. ಸುಖಸಂಸಾರದ ಹೆಂಗಸಿಗೂ ಸಿಗೋ ಬಹುಮಾನ ಇನ್ನಷ್ಟು ಚೊಕ್ಕವಾದ ಅಡುಗೆಮನೆ. ಅವಳು ಓದಬಹುದಿತ್ತು, ದುಡೀಬಹುದಿತ್ತು ಅನ್ನೋ ಮಾತು ಅಪರೂಪ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಧ್ವನಿ. ಕಣ್ಣುಮುಚ್ಚಿ ಬರೀ ಕೇಳಿದ್ರೆ ಸಾಕು (ಪಾಡ್‌ಕಾಸ್ಟ್‌ನವರ ಬುದ್ಧಿ!). ಹಿನ್ನೆಲೆಯಲ್ಲಿ ಬರೋದು ಹೆಚ್ಚಾಗಿ ಒಂದು ಗಂಭೀರ ಗಂಡು ಧ್ವನಿ. ಹೆಂಗಸು ಕಾಣ್ತಾಳೆ, ಕೇಳಿಸೋದಿಲ್ಲ. ಅವಳ ಬಗ್ಗೆ, ಅವಳ ಮೈ ಬಗ್ಗೆ, ಅವಳಿಗೆ ಹೇಳ್ತಾರೆ.

ಇದು ಬರೀ ನಮ್ಮ ಕಥೆಯಲ್ಲ. ಯುದ್ಧದ ನಂತರ ಅಮೆರಿಕದ ಶಾಲೆಗಳಲ್ಲೂ ಇಂಥ ಪಾಠದ ಚಿತ್ರಗಳು ಬಂದ್ವು. 1950ರ ‘ಎ ಡೇಟ್ ವಿತ್ ಯುವರ್ ಫ್ಯಾಮಿಲಿ’ಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಅಮ್ಮ, ಮಗಳು ಬಟ್ಟೆ ಬದಲಾಯಿಸಿ ಚೆಂದ ಕಾಣಬೇಕು. ಯಾಕೆ? ಮನೆ ಗಂಡಸರಿಗೆ ಅಷ್ಟು ಮಾಡೋದು ಅವರ ಕರ್ತವ್ಯ ಅಂತ ನಿರೂಪಕ ವಿವರಿಸ್ತಾನೆ. ಇನ್ನೊಂದು ಸ್ವಾರಸ್ಯ: 1968ರಲ್ಲಿ ವಾಲ್ಟ್ ಡಿಸ್ನಿ ಕಂಪನಿ ಬಡ ದೇಶಗಳಿಗೆ ಅಂತಲೇ ಹತ್ತು ನಿಮಿಷದ ‘ಫ್ಯಾಮಿಲಿ ಪ್ಲಾನಿಂಗ್’ ಕಾರ್ಟೂನ್ ಮಾಡ್ತು. ಪಾಠಕ್ಕೆ ಜೊತೆಯಾಗೋದು ಡೊನಾಲ್ಡ್ ಡಕ್. ಅದರಲ್ಲಿ ಹೆಂಡತಿಗೆ ಏನಾದ್ರೂ ಕೇಳ್ಬೇಕಂದ್ರೆ ಗಂಡನ ಕಿವೀಲಿ ಪಿಸುಗುಡ್ತಾಳೆ, ಗಂಡ ಅದನ್ನ ಜೋರಾಗಿ ಕೇಳ್ತಾನೆ. ಹೆರೋದು ಅವಳು, ಡೌಟು ಮಾತ್ರ ಅವನ ಬಾಯಿಂದ.

ಫಿಲ್ಮ್ಸ್ ಡಿವಿಷನ್‌ನಲ್ಲೂ ಬೇರೆ ಥರ ಯೋಚಿಸಿದವರಿದ್ರು. ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ‘ಐ ಆ್ಯಮ್ 20’ ಮಾಡಿದ್ರು. ದೇಶದ ಜೊತೆಗೇ ಹುಟ್ಟಿ ಇಪ್ಪತ್ತು ತುಂಬಿದ ಹುಡುಗ ಹುಡುಗಿಯರು ಅದರಲ್ಲಿ ಕ್ಯಾಮೆರಾ ಮುಂದೆ ತಾವೇ ಮಾತಾಡ್ತಾರೆ. ಇವತ್ತು ನೋಡಿದ್ರೂ ಹಳೇದು ಅನ್ನಿಸಲ್ಲ.

ಇನ್ನೊಂದು ವಿಚಾರ. ಅದೇ ಪರದೆ ಮೇಲೆ ರೀಲು ಮುಗಿದ ಮೇಲೆ ಕನ್ನಡ ಪಿಕ್ಚರ್ ಬರ್ತಿತ್ತಲ್ಲ? 1971ರಲ್ಲಿ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಬಂತು, ತ್ರಿವೇಣಿ ಕಾದಂಬರಿ ಆಧರಿಸಿದ್ದು. ಒಳ್ಳೆ ಗಂಡ, ಚೆಂದದ ಮನೆ, ಹೊರಗಿನಿಂದ ನೋಡಿದ್ರೆ ಪೋಸ್ಟರ್‌ನಲ್ಲಿರೋ ಸುಖೀ ಕುಟುಂಬವೇ. ಆದರೆ ಕಲ್ಪನಾ ಮಾಡಿದ ಕಾವೇರಿ ಬಾಣಂತಿತನದ ನಂತರ ಮನೋರೋಗಕ್ಕೆ ಬೀಳ್ತಾಳೆ, ವಾಸಿಯಾಗಿ ಬಂದ್ರೂ ಮನೆಯವರು ಅವಳನ್ನ ಮೊದಲಿನ ಥರ ನೋಡೋದಿಲ್ಲ. ಸರ್ಕಾರದ ರೀಲು ಹೇಳದೇ ಬಿಟ್ಟಿದ್ದನ್ನ ಪುಟ್ಟಣ್ಣ ಮೂರು ಗಂಟೆ ಹೇಳಿದ್ರು. ಅದಕ್ಕೇ ಜನ ರೀಲನ್ನ ನುಂಗಿದ್ರು ಅಂತ ಸುಲಭವಾಗಿ ಹೇಳೋಕೆ ಆಗಲ್ಲ. ನಂಬಿದ್ರು, ನಕ್ಕರು, ಮರೆತರು, ಎಲ್ಲವೂ ಆಗಿದೆ.

ಮರೆಯದೇ ಉಳಿದಿದ್ದು ಏನು? ನಮ್ಮ ಕನ್ನಡದ್ದೇ ಒಂದು ಮಾತು ತಗೊಳ್ಳಿ. ಇಬ್ಬರು ಮಕ್ಕಳು ಸಾಕು ಅನ್ನೋಕೆ ನಾವು ಏನಂತೀವಿ? ‘ಆರತಿಗೊಬ್ಬಳು, ಕೀರ್ತಿಗೊಬ್ಬ’. ಕೇಳೋಕೆ ಮುದ್ದಾಗಿದೆ. ಆದರೆ ಕೆಲಸ ಆಗಲೇ ಹಂಚಿಹೋಗಿದೆ. ಮಗಳು ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ, ಮಗ ಹೆಸರು ಮಾಡೋಕೆ ಹೊರಗೆ. ಮಕ್ಕಳನ್ನ ಕಮ್ಮಿ ಮಾಡ್ಕೊಳ್ಳಿ ಅನ್ನೋ ಆಧುನಿಕ ಪ್ರಚಾರವೂ, ಯಾವ ಮಗು ಯಾತಕ್ಕೆ ಅನ್ನೋ ಹಳೇ ಲೆಕ್ಕವೂ ಒಂದೇ ಸಾಲಿನಲ್ಲಿ ಜೊತೆಯಾಗಿ ಕೂತಿವೆ.

ಎರಡನೇದು, ಆಪರೇಷನ್. ಇಲ್ಲಿ ಒಂದು ತಿರುವಿದೆ. ಶುರುವಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಗಂಡಸರೇ ಜಾಸ್ತಿ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆದ್ವು, ಅದರಲ್ಲಿ ಮುಕ್ಕಾಲು ಪಾಲು ಗಂಡಸರದ್ದು. ಎಷ್ಟೋ ಕಡೆ ಬಲವಂತದಿಂದ. ಸರ್ಕಾರ ಬಿತ್ತು. ಆಮೇಲೆ ಯೋಜನೆಯ ಹೆಸರು ‘ಕುಟುಂಬ ಕಲ್ಯಾಣ’ ಆಯ್ತು, ಗಂಡಸರ ತಂಟೆಗೆ ಹೋಗೋ ಧೈರ್ಯ ಯಾರಿಗೂ ಉಳೀಲಿಲ್ಲ. ಭಾರ ಹೆಂಗಸರ ಮೇಲೆ ಬಂತು. ಅದು ಅಷ್ಟು ಸಲೀಸಾಗಿ ವರ್ಗಾವಣೆ ಆಗೋಕೆ ಇಪ್ಪತ್ತೈದು ವರ್ಷದ ಆ ನಗುಮುಖದ ಅಮ್ಮನೂ ದಾರಿ ಮಾಡಿಕೊಟ್ಟಿದ್ಲು ಅಂತ ನನ್ನ ಅಂದಾಜು. ಮನೆ ಚೆನ್ನಾಗಿಡೋದು ಅವಳ ಜವಾಬ್ದಾರಿ ಅಂದಮೇಲೆ ಇದೂ ಅವಳದ್ದೇ ತಾನೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 37.9ರಷ್ಟು ಜನರಿಗೆ ಆಪರೇಷನ್ ಆಗಿದೆ. ಗಂಡಂದಿರ ಲೆಕ್ಕ ಶೇ 0.3. ಕರ್ನಾಟಕದಲ್ಲಿ ಹೆಂಗಸರದ್ದು ಅರ್ಧಕ್ಕಿಂತ ಜಾಸ್ತಿ, ಗಂಡಸರದ್ದು ಹೆಚ್ಚುಕಮ್ಮಿ ಸೊನ್ನೆ. ಇಬ್ಬರಲ್ಲಿ ಸುಲಭದ, ಬೇಗ ವಾಸಿಯಾಗೋ ಶಸ್ತ್ರಚಿಕಿತ್ಸೆ ಗಂಡಸಿನದ್ದೇ. ಆದರೂ ನಮ್ಮ ಮನೆಗಳಲ್ಲಿ ಎರಡನೇ ಹೆರಿಗೆ ಆದ ಕೂಡಲೇ ‘ಆಪರೇಷನ್ ಆಯ್ತಾ?’ ಅಂತ ಕೇಳಿದ್ರೆ ಯಾರದ್ದು ಅಂತ ವಿವರಿಸೋದೇ ಬೇಕಿಲ್ಲ.

ಇದಕ್ಕೆ ಕ್ಯಾಮೆರಾದಲ್ಲೇ ಉತ್ತರ ಕೊಟ್ಟವರು ಬೆಂಗಳೂರಿನವರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್, ಛಾಯಾಗ್ರಾಹಕ ನವ್ರೋಜ್ ಕಂಟ್ರಾಕ್ಟರ್ ಸೇರಿ ‘ಯುಗಾಂತರ’ ಅನ್ನೋ ಗುಂಪು ಕಟ್ಟಿದ್ರು. 1981ರಲ್ಲಿ ಪುಣೆಯ ಮನೆಕೆಲಸದ ಹೆಂಗಸರ ಬಗ್ಗೆ ‘ಮೋಲ್ಕರೀಣ್’. 1982ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಹೋದ್ರು. ತಂಬಾಕು ಕಾರ್ಖಾನೆಗಳ ಹೆಂಗಸರು ಅಲ್ಲಿ ಒಗ್ಗಟ್ಟಾಗಿ ಮುಷ್ಕರ ಮಾಡಿ ಸಂಘ ಕಟ್ಟಿದ್ರು. ಅವರ ಜೊತೆ ತಿಂಗಳುಗಟ್ಟಲೆ ಇದ್ದು ಮಾಡಿದ್ದು ‘ತಂಬಾಕು ಚಾಕಿಲಾ ಊಬ್ ಆಲಿ’. ತಂಬಾಕಿನ ಧೂಳು, ಕೂಲಿ, ಮೇಸ್ತ್ರಿಗಳ ಕಾಟ ಎಲ್ಲವನ್ನೂ ಆ ಹೆಂಗಸರೇ ಹೇಳ್ತಾರೆ. ಮೇಲಿನಿಂದ ವಿವರಿಸೋ ಗಂಡು ಧ್ವನಿ ಇಲ್ಲ.

ಹತ್ತು ವರ್ಷ ಆದಮೇಲೆ, 1991ರಲ್ಲಿ, ದೀಪಾ ಕುಟುಂಬ ಯೋಜನೆಯನ್ನೇ ಹಿಡ್ಕೊಂಡು ‘ಸಮ್‌ಥಿಂಗ್ ಲೈಕ್ ಎ ವಾರ್’ ಮಾಡಿದ್ರು. ಒಂದು ಕಡೆ ಆಪರೇಷನ್ ಕ್ಯಾಂಪು, ಟಾರ್ಗೆಟ್ಟು. ಇನ್ನೊಂದು ಕಡೆ ಹಳ್ಳಿ ಹೆಂಗಸರು ಗುಂಪಾಗಿ ಕೂತು ತಮ್ಮ ಮೈ, ಬಸಿರು, ಆಸೆ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡ್ತಾರೆ, ನಗ್ತಾರೆ. ಆಪರೇಷನ್ ಟೇಬಲ್ ದೃಶ್ಯಗಳು ನೋಡೋಕೆ ಕಷ್ಟ, ಮೊದಲೇ ಹೇಳಿದ್ದೀನಿ.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ಎನ್‌ಎಫ್‌ಡಿಸಿ ಜೊತೆ ವಿಲೀನ ಆಯ್ತು. ಅದರ ಹಳೇ ಚಿತ್ರಗಳು ಎಷ್ಟೋ ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗ್ತಾವೆ. ಯುಗಾಂತರದ ಚಿತ್ರಗಳನ್ನ ಬರ್ಲಿನ್‌ನ ಆರ್ಸೆನಲ್ ಸಂಸ್ಥೆ ರಿಪೇರಿ ಮಾಡಿ ಉಳಿಸಿದೆ. ನಿಪ್ಪಾಣಿಯದ್ದು ಸುಮಾರು 25 ನಿಮಿಷ, ಮರಾಠಿಯಲ್ಲಿದೆ. ಜೆಪಿ ನಗರದಿಂದ ಮೆಜೆಸ್ಟಿಕ್‌ಗೆ ಹೋಗೋಷ್ಟರಲ್ಲಿ ಮುಗಿಯುತ್ತೆ. ಅಮ್ಮನೋ ಅಜ್ಜಿಯೋ ಜೊತೇಲಿದ್ರೆ ಒಂದು ಇಯರ್‌ಫೋನ್ ಅವರಿಗೆ ಕೊಡಿ, ನ್ಯೂಸ್ ರೀಲು ನೆನಪಿದೆಯಾ ಅಂತಲೂ ಕೇಳಿ.