ಹೊಣೆ ಯಾರು ನಿಂತಾರ?

ಫೆಬ್ರುವರಿಯ ಕೊನೆಯ ವಾರ. ಬೆಳಗಿನ ಎಂಟೂವರೆಗೇ ಬಿಸಿಲು ಬೆನ್ನಿಗೆ ಚುರುಗುಟ್ಟುತ್ತಿತ್ತು. ತೋರಣಗಲ್ಲಿನಿಂದ ಸಂಡೂರಿಗೆ ಹೊರಟ ಬಸ್ಸಿನ ಕಿಟಕಿಗೆ ಗಾಜು ಇತ್ತು, ಆದರೆ ಇಲ್ಲಿನ ಕೆಂಪು ದೂಳು ಗಾಜಿಗೆಲ್ಲ ಸೊಪ್ಪು ಹಾಕುವುದಿಲ್ಲ. ಪಕ್ಕದ ಸೀಟಿನ ಹುಡುಗಿ ದುಪಟ್ಟಾವನ್ನು ಮೂಗಿಗೆ ಬಿಗಿದುಕೊಂಡು ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲೊಂದನ್ನು ಮಗುವಿನ ಹಾಗೆ ಮಲಗಿಸಿಕೊಂಡಿದ್ದಳು. ಅದರೊಳಗೆ ನಲವತ್ತು ಪ್ರಶ್ನಾವಳಿ, ಒಂದೊಂದೂ ಆರು ಪುಟ. ಹೊರಗೆ ಅದಿರಿನ ಲಾರಿಗಳು ತಾಡಪತ್ರಿ ಹೊದ್ದು ಒಂದರ ಬಾಲ ಒಂದು ಹಿಡಿದಂತೆ ಸಾಗುತ್ತಿದ್ದವು. ದಾರಿ ಬದಿಯ ಬೇವು, ಜಾಲಿ, ಹುಣಸೆ ಯಾವುದರ ಎಲೆ ಯಾವುದು ಎಂದು ಹೇಳುವುದೇ ಕಷ್ಟ. ಎಲ್ಲಕ್ಕೂ ಒಂದೇ ಬಣ್ಣ.

“ಸೆಪ್ಟೆಂಬರ್‌ನ್ಯಾಗ ಬರ್ರಿ ಸಾರ್. ಇದೇ ಗುಡ್ಡ ಹಸರು ಸೀರಿ ಉಟ್ಟಂಗ ಇರ್ತೈತಿ,” ಎಂದಳು.

ಅವಳದು ವಾಣಿಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ವಿಷಯ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್. ಬಳ್ಳಾರಿ ಸೀಮೆಯಲ್ಲಿ ಈ ವಿಷಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಸ್ ನಿಲ್ದಾಣದ ಬೆಂಚು, ಶಾಲೆಯ ಗೋಡೆ, ನೀರಿನ ಟ್ಯಾಂಕು, ಎಲ್ಲೆಲ್ಲೂ ಯಾವುದೋ ಕಂಪನಿಯ ಹೆಸರು ನೀಲಿ ಬಣ್ಣದಲ್ಲಿ ಎದುರಾಗುತ್ತದೆ. ಹಿಂದೆ ಕೆರೆ ಕಟ್ಟಿಸಿದವರು ಕಲ್ಲು ನೆಡಿಸುತ್ತಿದ್ದರು, ಈಗಿನವರು ಫ್ಲೆಕ್ಸ್ ಕಟ್ಟಿಸುತ್ತಾರೆ. ಕಲ್ಲು ಸಾವಿರ ವರ್ಷ ನಿಂತಿತು. ಫ್ಲೆಕ್ಸು ಎರಡು ಮಳೆಗಾಲ ಕಂಡರೆ ಹೆಚ್ಚು.

ಇವಳ ಜತೆ ಹೊರಡುವ ವಾರದ ಹಿಂದೆ ಬೆಂಗಳೂರಿನಲ್ಲಿ ಇವಳ ಗೆಳೆಯನೊಬ್ಬನನ್ನು ಕಂಡಿದ್ದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ, ನಾಗರಬಾವಿಯ ಐಸೆಕ್‌ನ ಗ್ರಂಥಾಲಯಕ್ಕೆ ಓದಲು ಬರುವ ಹುಡುಗ, ಬೇರೊಂದು ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಸ್ಕಾಲರ್. ಅವನಿಗೆ ದೂಳಿನ ಕಾಟವಿಲ್ಲ, ಲ್ಯಾಪ್‌ಟಾಪಿನ ಕಾಟ. ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು ತಾವು ಎಷ್ಟು ನೀರು ಎತ್ತಿದೆವು, ಎಷ್ಟು ಇಂಗಾಲ ಬಿಟ್ಟೆವು, ಎಷ್ಟು ಕಸ ಹಾಕಿದೆವು ಎಂಬ ಲೆಕ್ಕವನ್ನು ವರ್ಷವರ್ಷ ಒಪ್ಪಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ತಂದಿದೆ. 2022-23ರಿಂದ ಅದು ಕಡ್ಡಾಯ. ಬಿಆರ್‌ಎಸ್‌ಆರ್ ಎಂಬ ಆ ವರದಿಗಳನ್ನು ಒಂದೊಂದಾಗಿ ಇಳಿಸಿಕೊಂಡು ಎಕ್ಸೆಲ್ಲಿಗೆ ತುಂಬುವುದೇ ಅವನ ದಿನಚರಿ. ಚಹಾ ಕುಡಿಯುತ್ತ ಅವನು ಹೇಳಿದ ಮಾತು ಬಸ್ಸಿನಲ್ಲೂ ತಲೆಯಲ್ಲಿ ಓಡುತ್ತಿತ್ತು: “ಅವಳು ಕಂಪನಿ ಕೊಟ್ಟಿದ್ದನ್ನ ನೋಡ್ತಾಳೆ ಸರ್, ನಾನು ಕಂಪನಿ ಗಳಿಸಿದ ಬಗೆ ನೋಡ್ತೀನಿ. ಇಬ್ಬರ ಥೀಸಿಸ್ಸೂ ಒಟ್ಟಿಗೆ ಹೊಲಿದರೆ ಒಂದು ಅಂಗಿ ಆಗುತ್ತೆ.”

ಅವನ ಮಾತಿನಲ್ಲಿ ಸತ್ಯವಿದೆ. ಕಂಪನಿ ಕಾಯ್ದೆ 2013ರ 135ನೇ ಕಲಮು ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಂದು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತನ್ನ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಲಾಭದ ಎರಡು ಪಾಲು ಎಲ್ಲಿಗೆ ಹೋಯಿತು ಎಂದು ಕೇಳುವ ಈ ಕಲಮು ಉಳಿದ ತೊಂಬತ್ತೆಂಟು ಪಾಲು ಬಂದ ದಾರಿಯನ್ನು ಕೇಳುವುದಿಲ್ಲ. ಅದನ್ನು ಕೇಳುವುದು ಹುಡುಗನ ವರದಿಗಳು. ಆದರೆ ಅಲ್ಲಿ ಲೆಕ್ಕ ಬರುವುದು ಇಡೀ ಕಂಪನಿಯದು, ಕಿಲೋಲೀಟರುಗಳಲ್ಲಿ. ಊರ ಮುಂದಿನ ಹಳ್ಳ ಆ ಕೋಷ್ಟಕದಲ್ಲಿ ಎಲ್ಲಿ ಅಡಗಿದೆ ಎಂದು ಹುಡುಕಿ ಹುಡುಕಿ ಅವನಿಗೆ ಕನ್ನಡಕದ ನಂಬರು ಏರಿದೆಯಂತೆ.

ಇಬ್ಬರ ಮೊದಲ ಅಧ್ಯಾಯ ಮಾತ್ರ ಹೆಚ್ಚುಕಡಿಮೆ ಒಂದೇ. ಹಳೆಯ ಕವಿಗಳು ಇಷ್ಟದೇವರನ್ನು ನೆನೆಯದೆ ಕಾವ್ಯ ತೊಡಗುತ್ತಿರಲಿಲ್ಲ. ಸಿಎಸ್‌ಆರ್ ಪಿಎಚ್.ಡಿ.ಯವರು 1953ರಲ್ಲಿ ವ್ಯಾಪಾರಿಗಳ ಹೊಣೆಯ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೊವರ್ಡ್ ಬೋವೆನ್ನನಿಗೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಆಮೇಲೆ, ಲಾಭ ಹೆಚ್ಚಿಸುವುದೇ ವ್ಯಾಪಾರದ ಹೊಣೆ ಎಂದು 1970ರಲ್ಲಿ ವಾದಿಸಿದ ಮಿಲ್ಟನ್ ಫ್ರೀಡ್‌ಮನ್‌ನನ್ನು ಎರಡು ಪ್ಯಾರಾ ಬೈಯುವುದು. ಆಮೇಲೆ ಕಂಪನಿಯ ಹೊಣೆಗಳನ್ನು ಅಂತಸ್ತಾಗಿ ಜೋಡಿಸಿದ 1991ರ ಕ್ಯಾರಲ್ಲನ ಪಿರಮಿಡ್ಡು: ತಳದಲ್ಲಿ ಗಳಿಕೆ, ಅದರ ಮೇಲೆ ಕಾನೂನು, ಅದರ ಮೇಲೆ ನೀತಿ, ತುದಿಯಲ್ಲಿ ದಾನ. ಸಿರಿವಂತ ಸಂಪತ್ತಿಗೆ ಒಡೆಯನಲ್ಲ, ಕಾಯುವವ ಎಂಬ ಗಾಂಧೀಜಿಯ ಧರ್ಮದರ್ಶಿತ್ವಕ್ಕೆ ಅರ್ಧ ಪುಟ. ಇಷ್ಟನ್ನೂ ತನ್ನದೇ ಮಾತಿನಲ್ಲಿ ಬರೆಯಬೇಕು. ಹೋಲಿಕೆ ಶೇ. 10 ದಾಟಿದರೆ ನಕಲು ಹಿಡಿಯುವ ತಂತ್ರಾಂಶದ ವರದಿ ಕೆಂಪಾಗಿ ಬರುತ್ತದೆ, ಗೈಡ್ ಮುಖವೂ.

ಊರು ಬಂತು. ಹೆಸರು ಬೇಡ, ಗುಡ್ಡದ ಬುಡದ ಅಂಥ ಊರುಗಳು ಈ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಶಾಲೆಯ ಹೊಸ ಕೊಠಡಿಯ ಮೇಲೆ ಮೂರು ಫಲಕ. ಒಂದು ಗ್ರಾಮ ಪಂಚಾಯ್ತಿಯದು, ಒಂದು ಕಂಪನಿಯದು, ಮತ್ತೊಂದು ಜಿಲ್ಲಾ ಖನಿಜ ಪ್ರತಿಷ್ಠಾನದ್ದು. ಗಣಿಗಾರರು ಕಟ್ಟುವ ರಾಜಧನದ ಜತೆಗೆ ಬಾಧಿತ ಊರುಗಳಿಗೆಂದೇ ಒಂದು ಪಾಲು ಎತ್ತಿಡುವ ಈ ನಿಧಿ 2015ರ ತಿದ್ದುಪಡಿಯಿಂದ ಬಂದದ್ದು. ಸಿಎಸ್‌ಆರ್‌ಗೂ ಅದಕ್ಕೂ ಕಾನೂನಿನಲ್ಲಿ ಸಂಬಂಧವಿಲ್ಲ. ಊರಿನವರಿಗೆ ಮಾತ್ರ ಎಲ್ಲವೂ ‘ಕಂಪ್ನಿ ದುಡ್ಡು’. ಯಾವ ಗೋಡೆ ಯಾರದು, ಯಾವ ಚಾವಣಿ ಯಾರದು ಎಂದು ಬಿಡಿಸಿಕೊಳ್ಳಲು ಹುಡುಗಿ ಅರ್ಧ ಗಂಟೆ ಫಲಕಗಳ ಮುಂದೆ ನಿಂತಳು. ಮೂರು ಫಲಕ ಸೇರಿಸಿದರೆ ಒಂದೂವರೆ ಶಾಲೆಯಷ್ಟು ಖರ್ಚಾಗಿತ್ತು, ಎದುರಿಗೆ ಇದ್ದದ್ದು ಒಂದೇ ಕೊಠಡಿ.

ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಹೆಂಗಸರು, ಬೈಕಿನ ಹಿಂದೆ ಕ್ಯಾನು ಕಟ್ಟಿಕೊಂಡ ಹುಡುಗರು ಸಾಲಾಗಿ ನಿಂತಿದ್ದರು. ಘಟಕದ ಹಿಂಬದಿಯ ಪೈಪಿನಿಂದ ಸೋಸಿ ಬಿಟ್ಟ ಸವಳು ನೀರು ಸುರಿದು ಚಿಕ್ಕ ಹೊಂಡವಾಗಿತ್ತು, ಅದರಲ್ಲಿ ಎರಡು ಎಮ್ಮೆ ಕಣ್ಣು ಮುಚ್ಚಿ ಕೂತಿದ್ದವು. ನೋಡಿಕೊಳ್ಳುವ ಹುಡುಗನನ್ನು ಇವಳು ಕೇಳಿದಳು, “ಫಿಲ್ಟರ್ ಕೆಟ್ರ ಯಾರು ಹಾಕಿಸ್ತಾರ?”

“ಫೋನ್ ಮಾಡ್ತೀವಕ್ಕ.”

“ಎತ್ತದಿದ್ರ?”

ಅವನು ನಕ್ಕು ನಾಣ್ಯದ ಡಬ್ಬಿ ತೆರೆಯಲು ಹೋದ.

ಮುಂದಿನ ಮನೆ ಒಬ್ಬ ಅಜ್ಜಿಯದು. ಮನೆ ಮುಂದಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಹಿಂದೆ ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ಏಳೆಂಟು ವರ್ಷ ಪಟ್ಟಾ ಹೊಲಗಳನ್ನೂ ಬಗೆದಾಗ ಇವಳೂ ಸುತ್ತಿಗೆ ಹಿಡಿದು ಕಲ್ಲು ಒಡೆದವಳು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಮೇಲೆ ಸುತ್ತಿಗೆ ಮೂಲೆ ಸೇರಿತು. ಅಕ್ರಮ ಎಷ್ಟೆಂದು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಕೆಲವನ್ನು ಮತ್ತೆ ತೆರೆದಾಗ ಕೆಲಸ ಯಂತ್ರದ ಪಾಲಾಗಿತ್ತು. ಹೊಲದಲ್ಲಿ ಗುಂಡಿ ಉಳಿಯಿತು.

ಹುಡುಗಿ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು ತಾನೂ ನಾಲ್ಕು ಶೇಂಗಾ ಸುಲಿದಳು. ಇದು ಕೋರ್ಸ್‌ವರ್ಕಿನಲ್ಲಿ ಕಲಿಸಿದ ವಿಧಾನವಲ್ಲ. ಆಮೇಲೆ ಪ್ರಶ್ನಾವಳಿ ತೆರೆದಳು. ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ನನಗೇ ಉಸಿರು ಕಟ್ಟಿತು: ‘ಕಂಪನಿಯ ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆಯ ಚಟುವಟಿಕೆಗಳು ನಮ್ಮ ಗ್ರಾಮದ ಸುಸ್ಥಿರ ಅಭಿವೃದ್ಧಿಗೆ ನೆರವಾಗಿವೆ.’ ಕೆಳಗೆ ಐದು ಚೌಕ, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗೆ.

“ಸುಸ್ಥಿರ ಅಂದ್ರ?”

“ಈಗಷ್ಟೇ ಅಲ್ಲ ಅಜ್ಜಿ, ಮೊಮ್ಮಕ್ಕಳ ಕಾಲಕ್ಕೂ ಉಳಿಯೋದು.”

ನಾರ್ವೆಯ ಪ್ರಧಾನಿಯಾಗಿದ್ದ ಬ್ರುಂಟ್ಲಂಡ್ ಅವರ ಆಯೋಗ 1987ರಲ್ಲಿ ಕೊಟ್ಟ ವಿವರಣೆಯನ್ನು ಇಷ್ಟು ಚಿಕ್ಕದಾಗಿ ನಾನು ಎಲ್ಲೂ ಕೇಳಿರಲಿಲ್ಲ. ಅಜ್ಜಿ ತಲೆಯಾಡಿಸಿದಳು. ಅದು ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ನಮಗೆ ಸಲೀಸೆನಿಸಿದ ಇನ್ನೊಂದು ಪದ.

“ಹೊಣೆ ಅಂದಿ ನೋಡು. ಕಂಪ್ನಿ ಯಾರಿಗೆ ಹೊಣೆ ನಿಂತೈತಿ?”

ಹುಡುಗಿ ವಿವರಿಸಲು ಹೊರಟಳು. ಅಜ್ಜಿ ಬಿಡಲಿಲ್ಲ. “ನಮ್ಮ ಮನಿಯವ್ರು ಮೈದುನನ ಸೊಸೈಟಿ ಸಾಲಕ್ಕ ಹೊಣೆ ನಿಂತಿದ್ರು. ಅವ ಕಟ್ಲಿಲ್ಲ. ನಮ್ಮ ಜೋಡಿ ಎತ್ತು ಹೋದವು. ಹೊಣೆ ಅಂದ್ರ ಅದು. ಎತ್ತು ಕಳ್ಕೊಂಡವ ಹೊಣೆ ನಿಂತವ. ಕಂಪ್ನಿ ಏನು ಕಳ್ಕೊಂಡೈತಿ ಹೇಳು.” ಒಂದು ಕ್ಷಣ ಬಿಟ್ಟು ತಾನೇ ಸಮಾಧಾನ ಹೇಳುವಂತೆ ಮುಂದುವರಿಸಿದಳು: “ಇದು ದಾನವ್ವ. ಮಾಡ್ಯಾರ, ಒಳ್ಳೇದಾತು. ಅದೇ ನೀರು ಕುಡಿಯಾಕತ್ತೀವಿ, ಸುಳ್ಳು ಹೇಳಬಾರದು. ಮೊದಲಿನ ನೀರಿಗೆ ನನ್ನ ಮೊಣಕಾಲು ಹಿಡ್ಕೊಂಡಿದ್ವು.”

ಹುಡುಗಿಯ ಪೆನ್ನು ಐದು ಚೌಕಗಳ ಮೇಲೆ ಗಾಳಿಯಲ್ಲೇ ನಿಂತಿತು. ಕ್ಯಾರಲ್ಲನ ಪಿರಮಿಡ್ಡಿನಲ್ಲಿ ದಾನ ತುದಿಯ ಗೋಪುರ, ಇರಲೇಬೇಕೆಂದಿಲ್ಲ. ಅಜ್ಜಿಯ ಲೆಕ್ಕದಲ್ಲೂ ಅಷ್ಟೇ. ಅವಳು ಕೇಳುತ್ತಿದ್ದದ್ದು ಕೆಳಗಿನ ಅಂತಸ್ತುಗಳನ್ನು.

“ಏನಂತ ಬರೀಲಿ ಅಜ್ಜಿ?”

“ಒಪ್ಪೀನಿ ಅಂತ ಬರಕೋ. ಪೂರಾ ಒಪ್ಪೀನಿ ಅಂತ ಬರಕೋ. ಬಿಸಿಲಾಗ ಬಂದೀದಿ, ನಿನ್ನ ಕೆಲಸ ಆಗ್ಲಿ.”

ಟಿಕ್ ಬಿತ್ತು. ಐದರಲ್ಲಿ ಐದು ಅಂಕ. ಇಂಥ ಕರುಣೆಯ ಟಿಕ್ಕುಗಳು ನಾಳೆ ಅಂಕಿಅಂಶದ ತಂತ್ರಾಂಶ ಎಸ್‌ಪಿಎಸ್‌ಎಸ್‌ಗೆ ಹೋಗಿ, ಸರಾಸರಿಯಾಗಿ, ಕಂಪನಿಯ ಬಗ್ಗೆ ಊರಿಗೆ ಉತ್ತಮ ಅಭಿಪ್ರಾಯವಿದೆ ಎಂಬ ವಾಕ್ಯವಾಗುತ್ತವೆ. ಅದು ಅವಳಿಗೂ ಗೊತ್ತು. ಅಂಚಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ಎತ್ತು’ ಎಂದಷ್ಟೇ ಬರೆದುಕೊಂಡಳು. ಅವಳ ಫೈಲಿನ ಬಹಳಷ್ಟು ಹಾಳೆಗಳ ಅಂಚಿನಲ್ಲಿ ಹೀಗೆ ಒಂದೊಂದು ಪದವಿತ್ತು: ‘ಸೀತಾಫಲ’, ‘ರಾತ್ರಿ ಲಾರಿ’, ‘ಹಾಲು ಕಮ್ಮಿ’. ಆ ಪದಗಳಿಗೆ ಯಾವ ಕೋಷ್ಟಕ ಮಾಡುವುದೆಂದು ಗೈಡ್ ಕೇಳಿದ್ದಾರಂತೆ. ನನಗೇನೋ ಥೀಸಿಸ್ಸೆಲ್ಲ ಆ ಅಂಚಿನಲ್ಲೇ ಇದೆ ಅನಿಸಿತು. ಪದವಿ ಕೊಡುವವನು ನಾನಲ್ಲವಲ್ಲ.

ಮಾರ್ಚ್ 31 ಹತ್ತಿರವಾದಂತೆ ಕಂಪನಿಗಳ ಸಿಎಸ್‌ಆರ್ ವಿಭಾಗಗಳಿಗೆ ಖರ್ಚು ಮುಗಿಸುವ ಧಾವಂತ. ಊರ ಆಚೆ ಆಗಲೇ ಜೆಸಿಬಿ ಬಂದು ಕಟ್ಟೆಯೊಂದರ ಹೂಳು ಎತ್ತುತ್ತಿತ್ತು. ಲೆಕ್ಕದ ವರ್ಷಕ್ಕೆ ಮಾರ್ಚ್ ಕೊನೆ, ಕಟ್ಟೆಗೆ ಜೂನ್ ಮೊದಲು. ಹುಡುಗಿಗೂ ಗಡುವಿದೆ. ನೋಂದಣಿಯಾಗಿ ನಾಲ್ಕು ವರ್ಷ ಕಳೆದಿದೆ, ಮನೆಯಲ್ಲಿ ಮದುವೆಯ ಮಾತು ಎದ್ದಿದೆ, ಇನ್ನೂ ಮುನ್ನೂರು ಹಾಳೆ ತುಂಬಬೇಕು.

ಬಿಸಿಲು ನೆತ್ತಿಗೆ ಬಂದಾಗ ಎದ್ದೆವು. ಅಜ್ಜಿ ಒಂದು ಸೇರು ಶೇಂಗಾ ಹುಡುಗಿಯ ದುಪಟ್ಟಾದ ತುದಿಗೆ ಸುರಿದು ಗಂಟು ಹಾಕಿದಳು. “ಇಷ್ಟೆಲ್ಲ ಬರಕೊಂಡಿ. ಪುಸ್ತಕ ಆದ ಮ್ಯಾಲ ನಮಗೊಂದು ಕೊಡ್ತಿಯೇನು?”

ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಶೋಧಗಂಗಾ ಎಂಬ ಜಾಲತಾಣ ಸೇರುತ್ತದೆ. ಅದನ್ನೆಲ್ಲ ಹೇಳುವುದು ಹೇಗೆಂದು ಹುಡುಗಿ ತಡವರಿಸಿದಳು. ಕಡೆಗೆ, “ನಾನೇ ಬಂದು ಓದಿ ಹೇಳ್ತೀನಿ ಅಜ್ಜಿ,” ಎಂದಳು.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಬರ್ತಿ ಅನ್ನಾಕ ಹೊಣೆ ಯಾರು?”

ಹುಡುಗಿ ನನ್ನ ಮುಖ ನೋಡಿದಳು. ನಾನು ಲಾರಿ ಎಣಿಸುವವನಂತೆ ರಸ್ತೆಯ ಕಡೆ ನೋಡಿದೆ.