ಫೋನ್ ಹಚ್ಚಿದರೆ ಸುಡೂದಿಲ್ಲರಿ!

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯ ಮೈಸೂರಿನವನು. ಹಗಲು ಕೋಡ್, ರಾತ್ರಿ ಕಥೆ. ಮೊನ್ನೆ ಹೊಸ ಕಥೆ ಕಳಿಸಿ, ‘ಇದರಲ್ಲಿ ನಿಮ್ ಕಡೆ ಅಜ್ಜಿ ಇದ್ದಾಳೆ, ಭಾಷೆ ಸರಿ ಇದ್ಯಾ ನೋಡು’ ಅಂದ. ಸಂಪಗಾಂವದಲ್ಲಿರುವ ನಮ್ಮಜ್ಜಿಗೆ ಫೋನ್ ಮಾಡಿದಾಗ ಅದನ್ನೇ ಓದಿ ಹೇಳಿದೆ. ಊರಿಗೆ ಬಂದ ಮೊಮ್ಮಗನಿಗೆ ಕಥೆಯ ಅಜ್ಜಿ ಹೇಳ್ತಾಳೆ: ‘ಏನ್ಲೇ ಮಗನಾ, ಊಟ ಮಾಡಿದ್ಯೇನ್ಲೇ? ಬಾರಲೇ ಒಳಗ!’

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಯಾಕಪಾ, ಆ ಹುಡುಗ ಏನ ತಪ್ಪ ಮಾಡ್ಯಾನ? ಮುದುಕಿ ಅಷ್ಟ್ಯಾಕ ಬೈಯಾಕ ಹತ್ಯಾಳ?’

ನಗು ಬಂತು. ಆಮೇಲೆ ಬೇಜಾರೂ ಆಯ್ತು. ಗೆಳೆಯ ಬರೆದದ್ದು ಪ್ರೀತಿ, ಅಜ್ಜಿಗೆ ಕೇಳಿಸಿದ್ದು ಬೈಗುಳ. ತಪ್ಪು ಅವನದಲ್ಲ. ಸಿನಿಮಾ, ಸೀರಿಯಲ್‌ಗಳಲ್ಲಿ ನಮ್ಮ ಭಾಷೆ ಹೆಚ್ಚಾಗಿ ಬರೋದು ನಗಿಸೋಕೆ, ಇಲ್ಲಾ ಹೊಡೆದಾಟಕ್ಕೆ. ಅವನು ಕಲಿತದ್ದೂ ಅಲ್ಲಿಂದಲೇ. ಅವನಿಗಾಗಿ ಒಂದು ಪಟ್ಟಿ ಮಾಡಿಕೊಟ್ಟೆ. ಕಥೆ ಬರೆಯುವ ಹವ್ಯಾಸ ನಿಮಗೂ ಇದ್ದರೆ ಇಟ್ಟುಕೊಳ್ಳಿ.

ಮೊದಲು ‘ಲೇ’ ತೆಗೀರಿ

‘ಲೇ’ ಉಪ್ಪಿದ್ದಂತೆ. ದೋಸ್ತರ ನಡುವೆ ನಡೀತದೆ, ಸಿಟ್ಟು ಬಂದಾಗ ಹಿರಿಯರ ಬಾಯಲ್ಲೂ ಬರುತ್ತೆ. ಆದರೆ ಪ್ರತಿ ಸಾಲಿಗೂ ಹಾಕಿದರೆ ಅಡುಗೆ ಕೆಟ್ಟಿತು. ನಮ್ಮಲ್ಲಿ ನಿಜವಾಗಿ ಹೆಚ್ಚು ಕೇಳುವುದು ‘ರೀ’. ಕಂಡಕ್ಟರನಿಗೆ, ಅಂಗಡಿಯವನಿಗೆ, ದಾರಿ ಕೇಳುವ ಅಪರಿಚಿತನಿಗೆ, ಎಲ್ಲರಿಗೂ ‘ಬರ್ರಿ’, ‘ಹೌದ್ರಿ’. ಇನ್ನು ಅಜ್ಜಿ? ಮೊಮ್ಮಗನನ್ನೇ ‘ಯಪ್ಪಾ’, ಮೊಮ್ಮಗಳನ್ನೇ ‘ಯವ್ವಾ’ ಅಂತಾಳೆ. ‘ಯಾಕ ಯಪ್ಪಾ, ಸೊರಗೀಯಲ್ಲ, ಉಂಡಿ ಇಲ್ಲೋ?’ ಇಷ್ಟು ಬರೆದರೆ ಸಾಕು, ಪ್ರೀತಿ ತಾನೇ ಬರುತ್ತೆ.

ಒಂದೇ ಪದ, ಬೇರೆ ಅರ್ಥ

ಗೊತ್ತಿಲ್ಲದ ಪದ ಮೋಸ ಮಾಡೋದಿಲ್ಲ, ಕೇಳಿ ತಿಳ್ಕೋತೀವಿ. ಗೊತ್ತಿದೆ ಅಂದುಕೊಂಡ ಪದವೇ ಕೈಕೊಡೋದು. ಅಮೆರಿಕದಲ್ಲಿ ‘ಪ್ಯಾಂಟ್ಸ್’ ಅಂದರೆ ಪ್ಯಾಂಟು, ಲಂಡನ್ನಿನಲ್ಲಿ ಒಳಉಡುಪು. ಹಾಗೇ ಇವೂ:

ಫೋನ್ ಹಚ್ಚು: ಬೆಂಕಿ ಬೇಡ, ಕರೆ ಮಾಡಿದರೆ ಸಾಕು. ಮಕ್ಕಳನ್ನು ಸೇರಿಸೋದು ‘ಸಾಲಿಗೆ ಹಚ್ಚೋದು’. ಸಾಲಿ ಅಂದರೆ ಶಾಲೆ.

ಹಿಂಡಿ: ಮೈಸೂರಿನವನಿಗೆ ದನದ ಮೇವು. ನಮಗೆ ರೊಟ್ಟಿ ಜೊತೆ ತಿನ್ನುವ ಚಟ್ನಿಪುಡಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ.

ಹುಗ್ಗಿ: ಅಲ್ಲಿ ಅಕ್ಕಿ, ಹೆಸರುಬೇಳೆಯ ಪೊಂಗಲ್. ಇಲ್ಲಿ ಗೋದಿ, ಬೆಲ್ಲದ ಸಿಹಿ.

ಮುಂಜಾನೆ: ಕವಿತೆಯ ನಸುಕಲ್ಲ. ಹತ್ತು ಗಂಟೆಯೂ ‘ಮುಂಜಾನೆ ಹತ್ತ’.

ಹತ್ತು: ‘ಮಳಿ ಬರಾಕ ಹತ್ತೈತಿ’ ಅಂದರೆ ಮಳೆ ಬರ್ತಾ ಇದೆ. ಇದೊಂದು ಕಲಿತರೆ ಅರ್ಧ ಸಂಭಾಷಣೆ ಸರಿಹೋಗುತ್ತೆ.

ಅಮ್ಮ: ನಮ್ಮ ಮನೆಯಲ್ಲಿ ಅಮ್ಮ ಅಂದರೆ ಅಜ್ಜಿ. ತಾಯಿ ‘ಅವ್ವ’.

ಪದಗಳು ಬಂದ ದಾರಿ

ಸಂಬಳಕ್ಕೆ ಪಗಾರ, ರಜೆಗೆ ಸೂಟಿ, ಆಸ್ಪತ್ರೆಗೆ ದವಾಖಾನಿ, ಆಲೂಗಡ್ಡೆಗೆ ಬಟಾಟಿ. ಇವು ಸುಮ್ಮನೆ ಬಂದಿಲ್ಲ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಪಕ್ಕದ ರಾಮದುರ್ಗ 1948ರವರೆಗೆ ಮರಾಠಿ ಮನೆತನದ ಸಂಸ್ಥಾನ. ಪಗಾರ, ಬಟಾಟಿ ಎರಡೂ ಮೂಲದಲ್ಲಿ ಪೋರ್ಚುಗೀಸ್, ಮರಾಠಿ ಮೂಲಕ ನಮ್ಮ ಅಡುಗೆಮನೆಗೆ ಬಂದವು. ದವಾಖಾನಿ ಪರ್ಷಿಯನ್ ಕಡೆಯದು. ಹಾಗಾಗಿ ‘ಉತ್ತರ ಕರ್ನಾಟಕದ ಭಾಷೆ’ ಅಂತ ಒಂದೇ ಇಲ್ಲ. ನಮ್ಮ ‘ಐತಿ’ ಕಲಬುರಗಿಯಲ್ಲಿ ‘ಅದ’ ಆಗುತ್ತೆ. ಬರೆಯುವ ಮೊದಲು ಪಾತ್ರದ ಊರು, ಮನೆ ಎರಡನ್ನೂ ನಿರ್ಧರಿಸಿ.

ಇದು ಹಾಸ್ಯಕ್ಕಷ್ಟೇ ಒಗ್ಗುವ ಭಾಷೆಯೂ ಅಲ್ಲ. ನಮ್ಮ ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಇದೇ ಮಾತಿನಲ್ಲಿ ಸ್ನೇಹ, ಮೋಸ, ಕೊಲೆ ಎಲ್ಲವನ್ನೂ ಹೇಳಿದೆ. ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಕಡೆಯ ಭಾಷೆಯಲ್ಲೇ ಬರೆದು ಜ್ಞಾನಪೀಠ ತಂದರು.

ಗೆಳೆಯ ಕಥೆ ತಿದ್ದಿದ. ಹನ್ನೊಂದು ‘ಲೇ’ ಹೋಗಿ ಒಂದು ಉಳಿಯಿತು, ಅದೂ ಅಜ್ಜಿಗೆ ಸಿಟ್ಟು ಬರುವ ಜಾಗದಲ್ಲಿ. ನಾನು ಗುರುಗಳಂತೆ ಬೀಗಿದೆ.

ಆದರೆ ಹೋದ ವಾರ ಊರಿಗೆ ಹೋಗಿದ್ದೆ. ಅಂಗಡಿಯಲ್ಲಿ ಏನೂ ಯೋಚಿಸದೆ ‘ಒಂದ್ ಕೆಜಿ ಈರುಳ್ಳಿ ಕೊಡಿ’ ಅಂದೆ. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಮರ್ಯಾದೆಯಿಂದ ಕೇಳಿದರು: ‘ಯಾವೂರ್ರಿ ನಿಮ್ಮದು?’

ಎಂಟು ವರ್ಷದ ಬೆಂಗಳೂರು ನನ್ನ ಬಾಯಿಂದ ‘ಉಳ್ಳಾಗಡ್ಡಿ’ಯನ್ನು ಯಾವಾಗ ಕಿತ್ತುಕೊಂಡಿತೋ ಗೊತ್ತೇ ಆಗಲಿಲ್ಲ. ಆ ಪಟ್ಟಿ ನನಗೂ ಬೇಕು ಅಂತ ಅವತ್ತು ಅನ್ನಿಸ್ತು. ಈಗ ಭಾನುವಾರ ತಪ್ಪದೆ ಅಜ್ಜಿಗೆ ಫೋನ್ ಹಚ್ತೀನಿ. ನೀವೂ ಹಚ್ಚಿರಿ. ಕಥೆ ಬರೆಯದಿದ್ದರೂ ಪರವಾಗಿಲ್ಲ.