ಹಳೆ ಫೋರ್ ಬೈ ಫೋರ್: ಮೊದಲು ಅಡಿಗೆ ನುಗ್ಗಿ!
ಸಕಲೇಶಪುರದ ಎಸ್ಟೇಟ್ ದಾರಿ. ಹಿಂದಿನ ಸೀಟಲ್ಲಿ ಮಕ್ಕಳು, ಅದರ ಹಿಂದೆ ಟ್ರೇಲರ್. ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವ ಗಾಡಿ?

ಜಿಪ್ಸಿ? ಕೆಸರಲ್ಲಿ ಜಿಂಕೆ. ಆದರೆ 1.3 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಭಾರ ಎಳೆಯೋ ದಮ್ಮಿಲ್ಲ. ಹಿಂದೆ ಅಡ್ಡ ಸೀಟು, ಮಕ್ಕಳಿಗೆ ಸುರಕ್ಷಿತ ಅಲ್ಲ. 2010ರ ಥಾರ್‌ದೂ ಸೀಟಿನ ವಿಷಯದಲ್ಲಿ ಅದೇ ಕಥೆ.

ಮನೆಮಂದಿಗೆಲ್ಲ ಅಂದ್ರೆ 2.2 ಲೀಟರ್ ಡೀಸೆಲ್ ಸ್ಕಾರ್ಪಿಯೋ ಅಥವಾ ಸಫಾರಿ ಸ್ಟಾರ್ಮ್. ಗಟ್ಟಿ ಲ್ಯಾಡರ್ ಚಾಸಿ. ಆದರೆ ಹೆಚ್ಚಿನವು ಟು ವೀಲ್ ಡ್ರೈವ್! ಬ್ಯಾಡ್ಜ್ ನಂಬಬೇಡಿ, ಒಳಗೆ ಫೋರ್ ಲೋ ನಾಬ್ ಹುಡುಕಿ.

ಈಗ ಟಾರ್ಚ್ ಹಿಡಿದು ಗಾಡಿ ಅಡಿಗೆ ನುಗ್ಗಿ. ಚಾಸಿಗೆ ಹೊಸ ಕಪ್ಪು ಪೇಂಟಾ? ಉಗುರಲ್ಲಿ ಕೆರೆದು ನೋಡಿ. ತುಕ್ಕಿದ್ರೆ ಹಪ್ಪಳದ ಹಾಗೆ ಏಳುತ್ತೆ. ಟ್ರಾನ್ಸ್‌ಫರ್ ಕೇಸ್ ಹತ್ತಿರ ಎಣ್ಣೆ ಜಿನುಗ್ತಿದೆಯಾ? ಟ್ರೇಲರ್ ಕೊಕ್ಕೆ ಬಂಪರ್‌ಗಲ್ಲ, ಚಾಸಿಗೇ ಬೋಲ್ಟ್ ಆಗಿದೆಯಾ? ನಾಲ್ಕೂ ಟೈರ್ ಒಂದೇ ಅಳತೆಯಾ?

ಫೋರ್ ಲೋ ಹಾಕಿ, ಮಣ್ಣಲ್ಲಿ ಓಡಿಸಿ. ಡಾಂಬರಿನ ಮೇಲೆ ಬೇಡ, ಚಕ್ರ ಜಾರೋಕೆ ಜಾಗವಿಲ್ಲದೆ ಗೇರ್‌ಗಳು ಬಿಗಿದುಕೊಳ್ಳುತ್ತವೆ. ಕಟಕಟ ಅಂತಿದೆಯಾ? ಕೈಮುಗಿದು ವಾಪಸ್ ಬನ್ನಿ.

ದೆಹಲಿ ಗಾಡಿ ಅಗ್ಗ ಅಂತಾರಾ? ಎನ್‌ಒಸಿ ಖರ್ಚು, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕೂಡಿಸಿ, ಆಮೇಲೆ ಅಡ್ವಾನ್ಸ್ ಕೊಡಿ.

ಬಣ್ಣ ನೋಡಿ ಮರುಳಾಗಬೇಡಿ. ಗಾಡಿಯ ನಿಜ ಗೊತ್ತಾಗೋದು ಅದರ ಹೊಟ್ಟೆ ಕೆಳಗೆ!